ಕೊಳ್ಳಲು ನಿಂತವರನ್ನು ಕಾಯಿಸಬೇಡಿ

ಅರಗಿನ ಬೊಂಬೆಯೋ, ಸುಟ್ಟ ಮಣ್ಣಿನ ಓಲೆಯೋ, ಕಸೂತಿ ಹಾಕಿದ ಚೀಲವೋ, ಕೈಯಾರೆ ಮಾಡಿದ್ದನ್ನು ಹೊತ್ತು ಮೊದಲ ಸಲ ಮೇಳದಲ್ಲಿ ಮಳಿಗೆ ಹಾಕಲು ಹೊರಟಿರುವ ಹುಡುಗ ಹುಡುಗಿಯರಿಗೆ ಈ ಮಾತು. ನಿಮ್ಮ ಕೆಲಸ ಚೆನ್ನಾಗಿದೆ, ಜೋಡಿಸಿಟ್ಟ ರೀತಿ ನಮ್ಮ ಕಾಲದವರಿಗಿಂತ ಎಷ್ಟೋ ಮೇಲು. ಆದರೆ ಸಂಜೆ ಆರರ ಹೊತ್ತಿಗೆ, ಜನ ಕಿಕ್ಕಿರಿದಾಗ, ಒಮ್ಮೆ ಮಳಿಗೆಯಿಂದ ಹೊರಬಂದು ಎದುರು ನಿಂತು ನೋಡಿ. ಬಳೆ ಆರಿಸಿ ಕೈಯಲ್ಲಿ ಹಿಡಿದು ನಿಂತವರು, ಸ್ವಲ್ಪ ಹೊತ್ತು ಕಾದು, ಅದನ್ನು ಮೆಲ್ಲಗೆ ತಟ್ಟೆಯಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಬೆಲೆ ಜಾಸ್ತಿಯಾಯಿತೆಂದು ಹೋದವರಲ್ಲ ಅವರು. ದುಡ್ಡು ಕೊಡಲು ಸಿದ್ಧರಾಗಿದ್ದರು, ಇಸಿದುಕೊಳ್ಳಲು ನಿಮಗೆ ಕೈ ಬಿಡುವಿರಲಿಲ್ಲ.

ಮೇಳಗಳಲ್ಲಿ ಬಹಳ ವರ್ಷ ಕೂತವಳಾಗಿ ಹೇಳುತ್ತೇನೆ, ಹಣ ಕೈ ಬದಲಾಯಿಸಲು ಹಿಡಿಯುವ ಹೊತ್ತು ತೀರಾ ಕಡಿಮೆ. ಹೊತ್ತು ತಿನ್ನುವುದು ಹುಡುಕಾಟ. ಇದರ ಬೆಲೆ ಎಷ್ಟಪ್ಪಾ, ಕತ್ತರಿ ಎಲ್ಲಿಟ್ಟೆ, ಐವತ್ತರ ನೋಟು ಇದೆಯಾ, ನೆಟ್‌ವರ್ಕ್ ಯಾಕೆ ಬರುತ್ತಿಲ್ಲ! ಮದುವೆ ಊಟದಲ್ಲಿ ಪಂಕ್ತಿ ಕೂರುವ ಮೊದಲೇ ಎಲೆ ಹಾಸಿ ಉಪ್ಪು, ಉಪ್ಪಿನಕಾಯಿ ಬಡಿಸಿರುತ್ತಾರಲ್ಲ, ಹಾಗೆ ನಿಮ್ಮ ಮಳಿಗೆಯೂ ಹಿಂದಿನ ರಾತ್ರಿಯೇ ಸಿದ್ಧವಾಗಿರಬೇಕು.

ಮೊದಲು ಬೆಲೆ. ಪ್ರತಿ ವಸ್ತುವಿನ ಮೇಲೂ ಬೆಲೆ ಕಾಣಬೇಕು. ಅರಗಿನ ಹೊಳಪಿನ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಕೀಳುವಾಗ ಗಮ್ ಉಳಿದು ನೋಟ ಕೆಡುತ್ತದೆ, ದಾರದಲ್ಲಿ ಸಣ್ಣ ಚೀಟಿ ಕಟ್ಟಿ. ಬಳೆ, ಕೀಚೈನು, ಬುಗುರಿಯಂಥ ಸಣ್ಣ ಮಾಲಿಗೆ ಒಂದೊಂದಕ್ಕೂ ಚೀಟಿ ಬೇಡ. ಒಂದೇ ಬೆಲೆಯವನ್ನೆಲ್ಲ ಒಂದು ತಟ್ಟೆಗೆ ಹಾಕಿ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಬೆಲೆ 50, 100, 150, 200, ಹೀಗೆ ಇರಲಿ. 135 ರೂಪಾಯಿ, 199 ರೂಪಾಯಿ ಅಂಗಡಿಯ ಗಾಜಿನ ಬೀರುವಿಗೆ ಸರಿ. ಮೇಳದ ನೂಕುನುಗ್ಗಲಲ್ಲಿ ನಾಲ್ಕು ಸಾಮಾನಿನ ಲೆಕ್ಕ ಬಾಯಲ್ಲೇ ಆಗಬೇಕು. ಚೌಕಾಸಿಗೂ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ. ಒಂದೇ ಬೆಲೆ ಎಂದಾದರೆ ಬೋರ್ಡು ಹಾಕಿ. ಬಿಡುವುದಾದರೆ ಎಷ್ಟು ಬಿಡುತ್ತೀರಿ ಎನ್ನುವುದು ಮಳಿಗೆಯಲ್ಲಿರುವ ಎಲ್ಲರಿಗೂ ಗೊತ್ತಿರಲಿ. ‘ಅಕ್ಕನ್ನ ಕೇಳಿ ಹೇಳ್ತೀನಿ’ ಎಂದು ತಮ್ಮ ಓಡಿದರೆ ಹಿಂದೆ ನಿಂತ ಮೂವರು ಕಾಯಬೇಕಾಗುತ್ತದೆ.

ಇನ್ನು ಚಿಲ್ಲರೆ. ಎಟಿಎಂನಿಂದ ಬರುವುದು ಹೆಚ್ಚಾಗಿ ಐನೂರರ ನೋಟು. ಬೆಳಿಗ್ಗೆ ಬೋಣಿ ಮಾಡುವವರೇ 50 ರೂಪಾಯಿಯ ಬುಗುರಿಗೆ ಐನೂರು ಚಾಚುತ್ತಾರೆ. ಬೋಣಿಯನ್ನು ಚಿಲ್ಲರೆಯಿಲ್ಲವೆಂದು ವಾಪಸು ಕಳಿಸಿದರೆ ಇಡೀ ದಿನ ಮನಸ್ಸಿಗೆ ಕಸಿವಿಸಿ. ಹತ್ತು, ಇಪ್ಪತ್ತು, ಐವತ್ತು, ನೂರು ಬೇರೆ ಬೇರೆ ಖಾನೆಯಲ್ಲಿರುವ ಸೊಂಟದ ಚೀಲ ಕಟ್ಟಿಕೊಳ್ಳಿ. ಡಬ್ಬಕ್ಕೆ ಬಗ್ಗಿ ಏಳುವುದು ತಪ್ಪುತ್ತದೆ, ಡಬ್ಬ ಕಾಯುವುದೂ ತಪ್ಪುತ್ತದೆ. ಹತ್ತರ ನಾಣ್ಯ ಚಲಾವಣೆಯಲ್ಲೇ ಇದೆ, ಯಾರಾದರೂ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ.

ಈಗ ಹೆಚ್ಚಿನವರು ಫೋನಿನಲ್ಲೇ ಕೊಡುತ್ತಾರೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕ್ಯೂಆರ್ ಕೋಡನ್ನು ಸಾಮಾನಿನ ನಡುವೆ ಮಲಗಿಸಿ ಇಡುತ್ತೀರಿ. ಗಿರಾಕಿ ಬಗ್ಗಿ, ತಲೆಯ ಮೇಲಿನ ದೀಪ ಹೊಳೆಯದ ಹಾಗೆ ಫೋನು ಓರೆ ಮಾಡಿ, ಒದ್ದಾಡುತ್ತಾರೆ. ಎದೆಮಟ್ಟಕ್ಕೆ, ನೆಟ್ಟಗೆ, ಮಳಿಗೆಯ ಎರಡು ತುದಿಗೂ ಒಂದೊಂದು ನಿಲ್ಲಿಸಿ. ಸ್ಕ್ಯಾನ್ ಮಾಡಿದಾಗ ಬರುವ ಹೆಸರನ್ನು ಕೆಳಗೇ ಬರೆದಿಡಿ. ಬೋರ್ಡಿನಲ್ಲಿ ಮಳಿಗೆಯ ಹೆಸರು, ಫೋನಿನಲ್ಲಿ ನಿಮ್ಮ ಅಪ್ಪನ ಹೆಸರು ಬಂದರೆ ಪ್ರತಿಯೊಬ್ಬರೂ ‘ಇದು ನಿಮ್ಮದೇನಾ?’ ಎಂದು ಕೇಳುತ್ತಾರೆ, ಪ್ರತಿಯೊಬ್ಬರಿಗೂ ಉತ್ತರ ಹೇಳಬೇಕು.

ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ, ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರುವಂಥ ಜನ ಒಂದೇ ಕಡೆ ಸೇರಿದರೆ ಎಲ್ಲರ ಫೋನುಗಳೂ ಅದೇ ನಾಲ್ಕಾರು ಟವರಿಗೆ ಜೋತುಬೀಳುತ್ತವೆ. ಗಿರಾಕಿಯ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ನಿಮ್ಮ ಸೌಂಡ್‌ಬಾಕ್ಸ್‌ನೊಳಗೂ ಸಿಮ್ಮೇ ಇರುವುದರಿಂದ ಅದೂ ಬಾಯಿ ಮುಚ್ಚಿಕೊಂಡಿರುತ್ತದೆ. ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನು ಇಟ್ಟುಕೊಳ್ಳಿ, ಬೇಕಾದವರಿಗೆ ಅದರಿಂದ ಹಾಟ್‌ಸ್ಪಾಟ್ ಕೊಡಿ. ಯುಪಿಐ ಲೈಟ್ ಇರುವವರು 1000 ರೂಪಾಯಿವರೆಗೆ ಪಿನ್ ಒತ್ತದೆ ಕೊಡಬಹುದು, ಸಣ್ಣ ವ್ಯಾಪಾರಕ್ಕೆ ಅದನ್ನೇ ಬಳಸಲು ಹೇಳಿ. ಸ್ಕ್ರೀನ್‌ಶಾಟ್ ತೋರಿಸಿದರೆ ಮಾತ್ರ ನಂಬಬೇಡಿ, ನಿಮ್ಮ ಆ್ಯಪ್‌ನಲ್ಲಿ ಬಂದದ್ದೇ ಬಂದ ಹಣ. ಯಾರ ಹಣ ತಡವಾಗಿದೆಯೋ ಅವರನ್ನು ವಿನಯದಿಂದ ಒಂದು ಪಕ್ಕಕ್ಕೆ ಕೂರಿಸಿ, ಮುಂದಿನವರನ್ನು ನೋಡಿ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಗೆ ಹೆದರಿ ಬೆಂಗಳೂರಿನ ಎಷ್ಟೋ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಹಾಕಿದವು. ನೀವು ಆ ದಾರಿ ಹಿಡಿಯಬೇಡಿ. ರಾಜ್ಯದೊಳಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ. ನಮ್ಮಂಥವರಿಗೆ ಒಂದು ನೋಟ್‌ಬುಕ್ಕಿನಲ್ಲಿ ನಿಯತ್ತಾದ ಲೆಕ್ಕವಿದ್ದರೆ ಧೈರ್ಯವಿರುತ್ತದೆ. ಆ ಲೆಕ್ಕವೂ ಉದ್ದುದ್ದ ಬೇಡ: ತಟ್ಟೆಗೊಂದು ಸಾಲು, ಮಾರಿದಾಗಲೆಲ್ಲ ಒಂದು ಗೀಟು.

ಕಟ್ಟಿಕೊಡುವ ಕೆಲಸ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಳೆಯ ಪತ್ರಿಕೆಯನ್ನು ಎರಡು ಅಳತೆಯಲ್ಲಿ ಮೊದಲೇ ಕತ್ತರಿಸಿಡಿ. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಹಾಗಾಗಿ ಕಾಗದದ ಚೀಲಗಳನ್ನು ಬಾಯಿ ಬಿಡಿಸಿ ಸಾಲಾಗಿ ನಿಲ್ಲಿಸಿಡಿ. ರಬ್ಬರ್ ಬ್ಯಾಂಡು ಮಣಿಕಟ್ಟಿನಲ್ಲಿರಲಿ. ಸುಟ್ಟ ಮಣ್ಣಿನ ಓಲೆಗಳನ್ನಂತೂ ಜೋಡಿ ಜೋಡಿಯಾಗಿ ಮನೆಯಲ್ಲೇ ಡಬ್ಬಿಗೆ ಹಾಕಿ, ಒಂದೊಂದು ಜೋಡಿ ಮಾತ್ರ ಹೊರಗೆ ತೋರಿಸಲು ಇಡಿ. ಮಳಿಗೆಯಲ್ಲಿ ಇಬ್ಬರಿದ್ದರೆ ಒಬ್ಬರು ಮಾತಾಡಲಿ, ತೋರಿಸಲಿ. ಇನ್ನೊಬ್ಬರು ಕಟ್ಟಲಿ, ದುಡ್ಡು ತೆಗೆದುಕೊಳ್ಳಲಿ. ಇಬ್ಬರೂ ಎರಡನ್ನೂ ಮಾಡಹೋದರೆ ಒಂದೇ ಬೊಂಬೆಗೆ ಎರಡು ಸಲ ದುಡ್ಡು ಕೇಳುವ ಪ್ರಸಂಗ ಬರುತ್ತದೆ. ದುಡ್ಡು ಕೊಡುವ ಜಾಗ ಮಳಿಗೆಯ ತುದಿಯಲ್ಲಿರಲಿ. ನಡುವೆ ಇದ್ದರೆ ಕೊಡುವವರ ಬೆನ್ನು ನೋಡುವವರಿಗೆ ಅಡ್ಡವಾಗುತ್ತದೆ.

ಇಷ್ಟೆಲ್ಲ ಅವಸರ ಯಾಕೆಂದರೆ, ಅವಸರ ಮಾಡಬಾರದ ಕಡೆಗೆ ನಿಮಗೆ ಹೊತ್ತು ಉಳಿಯಬೇಕು. ಒಂದು ಮಗು ಮೂರು ಬುಗುರಿ ತಿರುಗಿಸಿ ನೋಡಿ ಒಂದನ್ನು ಆರಿಸಲಿ. ವಯಸ್ಸಾದವರು ಪರ್ಸಿನಿಂದ ಒಂದೊಂದೇ ನೋಟು ಎಣಿಸಿ ಕೊಡಲಿ. ಅರಗಿನ ಬೊಂಬೆಗೆ ಹಾಲೆ ಮರ ಯಾಕೆ ಬೇಕು, ತಿರುಗುವ ಕೊರಡಿಗೆ ಬಣ್ಣದ ಅರಗು ಒತ್ತಿದಾಗ ಅದು ಬಿಸಿಗೆ ಕರಗಿ ಹೇಗೆ ಹಿಡಿದುಕೊಳ್ಳುತ್ತದೆ ಎಂದು ಯಾರಾದರೂ ಕೇಳಿದರೆ ನಿಂತು ಹೇಳಿ. ಅದನ್ನು ಕೇಳಿಸಿಕೊಂಡವರು ಮುಂದಿನ ವರ್ಷ ನಿಮ್ಮ ಮಳಿಗೆಯನ್ನು ಹುಡುಕಿಕೊಂಡು ಬರುತ್ತಾರೆ.

ಮೇಳಕ್ಕೆ ಮುಂಚೆ ಒಂದು ಸಂಜೆ ಮನೆಯವರನ್ನೇ ಗಿರಾಕಿ ಮಾಡಿ, ಆರಿಸುವುದರಿಂದ ಚೀಲ ಕೈಗೆ ಕೊಡುವವರೆಗೆ ಮಾಡಿ ನೋಡಿ. ಎಲ್ಲಿ ಕೈ ತಡವರಿಸುತ್ತದೋ ಅಲ್ಲಿ ಸರಿಪಡಿಸಿಕೊಳ್ಳಿ. ಮೇಳ ಭಾನುವಾರವಾದರೆ ಚಿಲ್ಲರೆಗೆ ಶುಕ್ರವಾರವೇ ಹೋಗಿ, ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ.