ನೆನೆಸದ ಮಾದರಪಾಟ, ಹಚ್ಚದ ಬಲ್ಬು

ಹೋದ ವರ್ಷ ದೀಪಾವಳಿ ಮುಗಿದ ವಾರವೇ ಕೌದಿಗೆ ಕೂತೆ. ಧಾರವಾಡದ ನಮ್ಮ ಮನೆಯಲ್ಲಿ ಅತ್ತೆಯವರ ಹಳೆಯ ನೂಲಿನ ಸೀರೆಗಳು ಟ್ರಂಕಿನ ತುಂಬ ಇದ್ದವು. ಕೌದಿ ಎಂದರೆ ಪುಕ್ಕಟೆ ಹೊದಿಕೆ ಎಂದೇ ನಾನು ತಿಳಿದಿದ್ದೆ. ಅಡಿಪದರಕ್ಕೆ ಮಾತ್ರ ಗಟ್ಟಿ ಬಟ್ಟೆ ಬೇಕಿತ್ತು. ಮೀಟರಿಗೆ 90 ರೂಪಾಯಿಯಂತೆ ಆರು ಮೀಟರ್ ಮಾದರಪಾಟ ತಂದೆ, ದಾರಕ್ಕೆ 120. ಒಟ್ಟು 660.

"ಅರಿವಿ ನೆನಿ ಹಾಕಿದ್ಯೇನವಾ?" ಎಂದು ಅತ್ತೆ ಕೇಳಿದ್ದರು.

"ಹೊಸಾ ಅರಿವಿ ಐತಲ್ರೀ ಅತ್ತಿ, ಸ್ವಚ್ಛ ಐತಿ" ಅಂದೆ. ಅವರು ಕೇಳಿದ್ದು ಕೊಳೆಯ ಮಾತಲ್ಲ.

ಅಂಚಿನಿಂದ ಸುತ್ತುತ್ತ ನಡುವಿಗೆ ಬರುವಂತೆ ಮೂರು ವಾರ ಹೊಲಿದೆ. ಮೊದಲ ಒಗೆತಕ್ಕೇ ಮಾದರಪಾಟ ಅರ್ಧ ಗೇಣು ಕುಗ್ಗಿತು. ಎಷ್ಟೋ ಸಲ ಒಗೆದು ಕುಗ್ಗಿ ಮುಗಿದಿದ್ದ ಸೀರೆಗಳು ಕುಗ್ಗಲಿಲ್ಲ. ಮೇಲ್ಪದರ ಉಬ್ಬಿ ಸುಕ್ಕಾಯಿತು, ದಾರ ಅಲ್ಲಲ್ಲಿ ಕಿತ್ತಿತು. ಬಿಚ್ಚುವಾಗ ಅತ್ತೆಯ ಇಳಕಲ್ ಸೀರೆಯ ಒಂದು ಸೆರಗು ಹರಿದದ್ದು ಈಗಲೂ ನೋವು. ಸೀರೆಗೆ ಫಾಲ್ ಹಚ್ಚಿಕೊಟ್ಟರೆ ನನಗೆ ಒಂದಕ್ಕೆ 60 ರೂಪಾಯಿ ಸಿಗುತ್ತದೆ. ಆ ಮೂರು ವಾರದಲ್ಲಿ 20 ಸೀರೆ ಬಿಟ್ಟಿದ್ದೆ. 660ಕ್ಕೆ 1,200 ಕೂಡಿಸಿ ಬರೆದಾಗಲೇ ಪುಕ್ಕಟೆ ಕೌದಿಯ ಬೆಲೆ ಕಣ್ಣಿಗೆ ಬಿತ್ತು.

ಅದೇ ಚಳಿಯಲ್ಲಿ ಹಿತ್ತಲಲ್ಲೂ ತಪ್ಪಿದೆ. ಎಂಟು ಜವಾರಿ ಕೋಳಿಗಳಲ್ಲಿ ಎರಡೇ ಮೊಟ್ಟೆ ಇಡುತ್ತಿದ್ದವು. ಮೇವು ಸಾಲದೇನೋ ಎಂದು ಪೇಟೆಯಿಂದ 900 ರೂಪಾಯಿಯ ಕೋಳಿ ಆಹಾರ ತಂದು ಹಾಕಿದೆ. ಮೊಟ್ಟೆ ಹೆಚ್ಚಲಿಲ್ಲ. ದಿನಕ್ಕೆ 14ರಿಂದ 16 ಗಂಟೆ ಬೆಳಕಿದ್ದರೆ ಕೋಳಿ ಚೆನ್ನಾಗಿ ಮೊಟ್ಟೆ ಇಡುತ್ತದೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲೇ 11 ಗಂಟೆ ಚಿಲ್ಲರೆ. ಮೇಲಾಗಿ ಹಳೆಯ ಪುಕ್ಕ ಉದುರಿ ಹೊಸದು ಬರುವ ಕಾಲ ಅದು, ತಿಂದದ್ದು ಪುಕ್ಕಕ್ಕೇ ಹೋಗುತ್ತದೆ. ಅವುಗಳ ಪಾಡಿಗೆ ಬಿಡಬೇಕಿತ್ತು.

ಖರ್ಚು ಬೇಕಾಗಿದ್ದು ಮರಿಗಳಿಗೆ. ತಾಯಿಯನ್ನು ಮುಂಗುಸಿ ಒಯ್ದು 11 ಮರಿ ಉಳಿದಿದ್ದವು. ಮೊದಲ ವಾರ ಅವುಗಳಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಬಲ್ಬು ಹಚ್ಚಿದರೆ ಬಿಲ್ಲು ಏರುತ್ತದೆಂದು ಹೆದರಿ ಗೂಡಿಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದೆ. ಬೆಳಗ್ಗೆ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗಿನ ಭತ್ತದ ಹೊಟ್ಟು ಒದ್ದೆ, ನಾಲ್ಕು ಮರಿ ಸತ್ತಿದ್ದವು. ಅಂದೇ ಹಾಳೆ ಕಿತ್ತು, ಹೊಟ್ಟು ಬದಲಿಸಿ, ಗೋಣಿಚೀಲ ಕಟ್ಟಿದೆ. ಉಸಿರಾಡಲು ಮೇಲೆ ಒಂದು ಗೇಣು ತೆರೆದಿಟ್ಟೆ. 60 ವ್ಯಾಟಿನ ಬಲ್ಬು ದಿನವೂ ರಾತ್ರಿ 12 ತಾಸು ಉರಿಯಿತು.

ತಿಂಗಳಿಗೆ 22 ಯೂನಿಟ್ ಆಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮಂಥ ಮನೆಗೆ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ನಮ್ಮದು 60ರ ಸರಾಸರಿ, ಹಾಗಾಗಿ 66. ಎಂದಿನ 62 ಯೂನಿಟ್ ಆ ತಿಂಗಳು 84 ಆಯಿತು. ಮೇಲಿನ 18ಕ್ಕೆ ನೂರು ರೂಪಾಯಿ ಚಿಲ್ಲರೆ ಕಟ್ಟಿದೆವು. ಉಳಿದ ಏಳು ಮರಿ ಬೆಳೆದ ಮೇಲೆ ಒಂದೊಂದೂ 400 ರೂಪಾಯಿಗೆ ಹೋದವು. ಮೊದಲ ರಾತ್ರಿಯೇ ಬಲ್ಬು ಹಚ್ಚಿದ್ದರೆ ಆ ನಾಲ್ಕೂ ಬಹುಶಃ ಉಳಿಯುತ್ತಿದ್ದವು.

ಈ ವರ್ಷ ಹೊಸ ಮಾದರಪಾಟವನ್ನು ರಾತ್ರಿಯಿಡೀ ನೆನೆಹಾಕಿ, ಬಿಸಿನೀರಿನಲ್ಲಿ ಒಗೆದು ಹಿತ್ತಲ ಹಗ್ಗಕ್ಕೆ ಹರವಿದೆ. ಒಣಗಿದ ಮೇಲೆ ಅತ್ತೆ ಒಂದು ತುದಿ ಹಿಡಿದರು, ನಾನು ಇನ್ನೊಂದು. ಆರು ಮೀಟರಿಗೆ 30 ಸೆಂಟಿಮೀಟರ್ ಕಡಿಮೆ ಬಂತು.

"ಈಗ ಹೊಲಿಯವಾ" ಅಂದರು.