ತೂಕ ಇಳಿದ ಮೇಲೂ ಮಾತ್ರೆ ಯಾಕೆ?

ಕೆಜಿಎಫ್‌ನಲ್ಲಿ ಸುಸ್ತಿಗೆ ಕಾರಣ ಹುಡುಕಬೇಕಾಗಿಲ್ಲ. ಹಿರಿಯರಿಗೆ ಗಣಿಯ ದೂಳು, ಸೈನೈಡ್ ದಿಬ್ಬದ ಗಾಳಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಕೆಲಸ ನೆಚ್ಚಿಕೊಂಡ ಕಿರಿಯರಿಗೆ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು. ಹಾಗಾಗಿ ನಂದಿದುರ್ಗದಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಮಗ ಅಥವಾ ಮಗಳು ಮೂರ್ನಾಲ್ಕು ವರ್ಷದ ಮೇಲೆ ‘ಅಮ್ಮಾ, ಪಾದ ಜೋಮು ಹಿಡಿಯುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು’ ಎಂದರೆ ಎಲ್ಲರೂ ರೈಲನ್ನೇ ದೂರುತ್ತಾರೆ. ಆಪರೇಷನ್ ಯಾರಿಗೂ ನೆನಪಾಗುವುದಿಲ್ಲ.

ಈ ಆಪರೇಷನ್ ಎಂದರೆ ಕೊಬ್ಬು ಹೀರಿ ತೆಗೆಯುವುದಲ್ಲ, ಅದು ಬೇರೆ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೇ ತೆಗೆದುಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಮೈಗೆ ಹತ್ತುವ ಕರುಳಿನ ಮೊದಲ ಭಾಗಕ್ಕೆ ಉಂಡ ಅನ್ನ ಹೋಗುವುದೇ ಇಲ್ಲ. ಬಿ12ರದ್ದು ಇನ್ನೊಂದು ತೊಡಕು. ಆಹಾರದಿಂದ ಅದನ್ನು ಬಿಡಿಸಲು ಜಠರದ ಆಮ್ಲ ಬೇಕು, ಕರುಳು ಅದನ್ನು ಹೀರಿಕೊಳ್ಳಲು ಜಠರವೇ ಒಸರುವ ಒಂದು ಪ್ರೋಟೀನ್ ಬೇಕು. ಎರಡಕ್ಕೂ ಕತ್ತರಿ ಬಿತ್ತು. ಆದರೂ ಆಗಲೇ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಲಿವರ್ ಎಂಬ ಕಣಜದಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ಇರುತ್ತದೆ. ಅದು ಬರಿದಾಗುವ ಹೊತ್ತಿಗೆ ತೂಕ ಇಳಿದಿರುತ್ತದೆ, ಹೊಸ ಅಳತೆಯ ಬಟ್ಟೆ ಬಂದಿರುತ್ತದೆ, ಆಸ್ಪತ್ರೆಯ ಫೈಲು ಬೀರುವಿನ ಮೇಲೆ ಹೋಗಿರುತ್ತದೆ.

ಬಿ1, ಅಂದರೆ ಥಯಾಮಿನ್, ಇದಕ್ಕೆ ತದ್ವಿರುದ್ಧ. ಮೈಯಲ್ಲಿ ಅದರ ದಾಸ್ತಾನು ಎರಡು ಮೂರು ವಾರದ್ದು ಮಾತ್ರ. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿ ನಿಲ್ಲದೆ, ಕಣ್ಣಿಗೆ ಎರಡೆರಡು ಕಂಡು, ನಡಿಗೆ ತೂರಾಡಿ, ಮಾತು ತಡಬಡಿಸಿದರೆ ನಾಳೆವರೆಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್ ವಿಷಯ ಮೊದಲೇ ಹೇಳಿ, ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನ ಥಯಾಮಿನ್ ಕೊಡಬೇಕೇ ಎಂದು ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ.

ಹರೆಯದವರ ಹೆತ್ತವರಿಗೆ ಒಂದು ಲೆಕ್ಕ ಹೇಳಬೇಕು. ಅಮೆರಿಕದಲ್ಲಿ ಹದಿಹರೆಯದಲ್ಲೇ ಈ ಆಪರೇಷನ್ ಆದ 242 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದ ವರದಿ 2016ರಲ್ಲಿ ಬಂತು. ತೂಕ ಚೆನ್ನಾಗಿಯೇ ಇಳಿದಿತ್ತು, ಅನೇಕರ ಸಕ್ಕರೆ, ಬಿಪಿಯೂ ಸುಧಾರಿಸಿದ್ದವು. ಆದರೆ ಮೂರನೇ ವರ್ಷಕ್ಕೆ ಶೇ 57ರಷ್ಟು ಮಂದಿಯಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಕೆಳಗಿಳಿದಿತ್ತು. ಆಪರೇಷನ್ ತಪ್ಪೆಂದು ಇದರ ಅರ್ಥವಲ್ಲ. ಬೇಕಾದವರಿಗೆ ಅದು ಬೇಕೇ ಬೇಕು.

‘ಹಿಮೋಗ್ಲೋಬಿನ್ 12 ಇದೆ, ಚೆನ್ನಾಗಿದ್ದಾಳೆ’ ಎಂದು ಸುಮ್ಮನಾಗುವುದೇ ನಮ್ಮಲ್ಲಿ ಹೆಚ್ಚು. ಕಬ್ಬಿಣ ಕಡಿಮೆಯಾಗುವಾಗ ಮೊದಲು ಇಳಿಯುವುದು ಫೆರಿಟಿನ್, ಹಿಮೋಗ್ಲೋಬಿನ್ ಆಮೇಲೆ. ಬಿ12 ಕೊರತೆಯಲ್ಲಂತೂ ಹಿಮೋಗ್ಲೋಬಿನ್ ಸರಿಯಿದ್ದೂ ನರ ಸವೆಯಬಹುದು. ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಿದ್ದರೆ ರಕ್ತಹೀನತೆ ಮರೆಯಾಗಿ ನರದ ತೊಂದರೆ ಒಳಗೊಳಗೇ ಬೆಳೆಯುತ್ತದೆ. ತಡವಾದರೆ ಜೋಮು ಪೂರ್ತಿ ಹೋಗದೆ ಉಳಿಯಲೂಬಹುದು. ಮೊದಲ ವರ್ಷ ಡಾಕ್ಟರು ಹೇಳಿದಾಗಲೆಲ್ಲ, ಆಮೇಲೆ ವರ್ಷಕ್ಕೊಮ್ಮೆ, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ನೋಡಿಸಬೇಕು. ಬದುಕಿಡೀ. ಹುಟ್ಟುಹಬ್ಬದ ತಿಂಗಳಲ್ಲೇ ಮಾಡಿಸಿದರೆ ಮರೆಯುವುದಿಲ್ಲ.

‘ಊಟದಲ್ಲೇ ಸರಿಮಾಡಿಕೊಳ್ಳೋಣ’ ಎಂಬ ಮಾತೂ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಒಪ್ಪಿದೆ. ಆದರೆ ಪುಟ್ಟ ಜಠರಕ್ಕೆ ಹಿಡಿಯುವ ರಾಗಿ ಎಷ್ಟು? ಅದರ ಮೇಲೆ, ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕೋಲಾರದ ಕಡೆಯ ರೂಢಿ. ಆಪರೇಷನ್ ಆದವರಿಗೆ ಅದು ಎದೆಯಲ್ಲೇ ನಿಂತಂತಾಗಿ ವಾಂತಿಯಾಗಬಹುದು. ತೆಳ್ಳನೆಯ ಅಂಬಲಿ ವಾಸಿ. ಬಸ್ಸಾರಿನ ಸೊಪ್ಪು, ಹುರುಳಿಕಾಳು ಒಳ್ಳೆಯವೇ, ಆದರೆ ಸೊಪ್ಪು ಕಾಳುಗಳಲ್ಲಿ ಬಿ12 ಇರುವುದಿಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಮಾತ್ರ. ಅವನ್ನು ಉಂಡರೂ ಮೈಗೆ ಹತ್ತುವುದು ಕಡಿಮೆಯಾದ್ದರಿಂದ ಮಾತ್ರೆ ಅಥವಾ ಇಂಜೆಕ್ಷನ್ ತಪ್ಪದು.

ಮಾತ್ರೆ ನುಂಗುವುದಕ್ಕೂ ಕ್ರಮವಿದೆ. ಕಬ್ಬಿಣದ್ದಕ್ಕೂ ಕ್ಯಾಲ್ಸಿಯಂನದ್ದಕ್ಕೂ ಕಡೇಪಕ್ಷ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆ ಕಾಫಿ, ಟೀ ಜೊತೆ ಬೇಡವೇ ಬೇಡ. ದಿನದ ಕ್ಯಾಲ್ಸಿಯಂ ಒಂದೇ ಸಲ ನುಂಗಿದರೆ ಬಹಳಷ್ಟು ವ್ಯರ್ಥ, ಭಾಗ ಮಾಡಿ ಕೊಡಿ. ಆಮ್ಲ ಕಡಿಮೆಯಾದ ಹೊಟ್ಟೆಗೆ ಕ್ಯಾಲ್ಸಿಯಂ ಸಿಟ್ರೇಟ್ ಹೆಚ್ಚು ಒಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಅಸಿಡಿಟಿಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆ ಇವೆರಡೂ ಬಿ12 ಇನ್ನಷ್ಟು ಇಳಿಸಬಲ್ಲವು, ಡಾಕ್ಟರಿಗೆ ಹೇಳಿ.

ಮಗಳಿಗೆ ಮದುವೆ ಗೊತ್ತಾಗಿದ್ದರೆ ಈ ಮಾತು ಅವಳೊಂದಿಗೆ ಮುಂಚೆಯೇ ಆಗಲಿ. ಆಪರೇಷನ್ ಆದ ಮೇಲೆ ಕಡೇಪಕ್ಷ ಒಂದರಿಂದ ಒಂದೂವರೆ ವರ್ಷ ಬಸಿರು ಬೇಡ ಎನ್ನುತ್ತಾರೆ ವೈದ್ಯರು. ಬಸಿರಾದಾಗ ರಕ್ತಪರೀಕ್ಷೆ ಇನ್ನೂ ಬೇಗಬೇಗ ಆಗಬೇಕು. ಆಪರೇಷನ್ ಮಾಡಿಸಿದ್ದನ್ನು ಮುಚ್ಚಿಡುವ ಮನೆಗಳಿವೆ. ನೆಂಟರಿಂದ ಮುಚ್ಚಿಟ್ಟರೂ ಪರವಾಗಿಲ್ಲ, ಹೆರಿಗೆ ಡಾಕ್ಟರಿಂದ ಮುಚ್ಚಿಡಬಾರದು. ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ತೆಗೆಸಿ, ಆಪರೇಷನ್ ಸ್ಲೀವೋ ಬೈಪಾಸೋ, ಯಾವ ದಿನ ಆಯಿತು ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದು ಅವಳ ಕೈಗೇ ಕೊಡಿ.