ನಕ್ಷತ್ರದ ನಾಡಿ

ಆಕಾಶಕಾಯಗಳು ಬೆಳಕನ್ನು ಮಾತ್ರವಲ್ಲ, ರೇಡಿಯೋ ಅಲೆಗಳನ್ನೂ ಹೊರಸೂಸುತ್ತವೆ. ಕಣ್ಣಿಗೆ ಕಾಣದ ಈ ಅಲೆಗಳನ್ನು ಹಿಡಿಯುವ ಸಾಧನವೇ ರೇಡಿಯೋ ದೂರದರ್ಶಕ. ಇಂಥ ಅಲೆಗಳನ್ನು ಕಳುಹಿಸುವ ಕಾಯಗಳಲ್ಲಿ ಪಲ್ಸಾರ್ ಎಂಬುದು ಬಹು ವಿಸ್ಮಯಕಾರಿಯಾದುದು. ಭಾರಿ ನಕ್ಷತ್ರವೊಂದು ಸಿಡಿದು ಅಳಿದ ಮೇಲೆ ಉಳಿಯುವ ತಿರುಳು ಅದು. ಸೂರ್ಯನನ್ನೂ ಮೀರಿದ ದ್ರವ್ಯರಾಶಿ ಅಲ್ಲಿ ಸುಮಾರು ೨೦ ಕಿಲೋಮೀಟರ್ ವ್ಯಾಸದ ಗೋಳದಲ್ಲಿ ಅಡಕವಾಗಿರುತ್ತದೆ. ಅದು ಬುಗುರಿಯಂತೆ ತಿರುಗುವಾಗ ಅದರ ರೇಡಿಯೋ ಕಿರಣವು ದೀಪಸ್ತಂಭದ ಬೆಳಕಿನಂತೆ ಸುತ್ತುತ್ತದೆ. ಭೂಮಿಯನ್ನು ಸೋಕಿದಾಗಲೆಲ್ಲ ನಮಗೊಂದು ಮಿಡಿತ ದೊರೆಯುತ್ತದೆ.

ಮೊದಲ ಪಲ್ಸಾರ್ ಗೋಚರಿಸಿದ್ದು ೧೯೬೭ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ನಗರದ ಬಳಿ. ಅಲ್ಲಿನ ದೂರದರ್ಶಕವು ದಿನವೊಂದಕ್ಕೆ ಸುಮಾರು ೩೦ ಮೀಟರ್ ಉದ್ದದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಜೊಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಅಷ್ಟನ್ನೂ ಕಣ್ಣಿಟ್ಟು ಪರೀಕ್ಷಿಸುತ್ತಿದ್ದರು. ಒಂದೆಡೆ ಅರ್ಧ ಸೆಂಟಿಮೀಟರಿನಷ್ಟು ಉದ್ದದ ವಿಚಿತ್ರವಾದ ಗೀಚು ಅವರಿಗೆ ಕಂಡಿತು. ಅದು ಅವರು ಅರಸುತ್ತಿದ್ದ ಆಕಾಶಕಾಯಗಳ ಗುರುತಿನಂತಿರಲಿಲ್ಲ. ನೆಲದ ಮೇಲಿನ ಯಂತ್ರಗಳ ಗದ್ದಲದಂತೆಯೂ ಇರಲಿಲ್ಲ. ಕಸವೆಂದು ಕಡೆಗಣಿಸುವುದು ಸುಲಭವಾಗಿತ್ತು, ಬೆಲ್ ಕಡೆಗಣಿಸಲಿಲ್ಲ. ನಕ್ಷತ್ರಗಳಂತೆಯೇ ಅದೂ ದಿನದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ಆದುದರಿಂದ ಅದು ಆಕಾಶದ್ದೇ ಎಂದು ತಿಳಿಯಿತು. ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ, ೧.೩೩೭ ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತಗಳು ಬಿಡಿಬಿಡಿಯಾಗಿ ಗೋಚರಿಸಿದವು.

ಅಂದು ಕಾಗದ ಮತ್ತು ಕಣ್ಣು ಮಾಡಿದ ಕೆಲಸವನ್ನು ಇಂದು ಗಣಕಯಂತ್ರ ಮಾಡುತ್ತದೆ. ಕೆಲವು ಮೀಟರ್ ಅಗಲದ ಆಂಟೆನಾ ಮತ್ತು ಅಗ್ಗದ ರೇಡಿಯೋ ಗ್ರಾಹಕವನ್ನು ಇಟ್ಟುಕೊಂಡು ಹವ್ಯಾಸಿಗಳೂ ಪಲ್ಸಾರಿನ ಮಿಡಿತವನ್ನು ಹಿಡಿದಿದ್ದಾರೆ. ಉತ್ತರದ ಆಕಾಶದಲ್ಲಿರುವ ಬಿ ೦೩೨೯+೫೪ ಎಂಬ ಪಲ್ಸಾರ್ ಅವರಿಗೆ ಅಚ್ಚುಮೆಚ್ಚು, ಅದು ೦.೭೧೪೫ ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಆದರೆ ಸಣ್ಣ ಆಂಟೆನಾಕ್ಕೆ ದೊರೆಯುವ ಮಿಡಿತವು ಗದ್ದಲದಲ್ಲಿ ಪೂರ್ತಿಯಾಗಿ ಮುಳುಗಿರುತ್ತದೆ. ಅದನ್ನು ಹೊರತೆಗೆಯಲು ಪ್ರೆಸ್ಟೊ ಮೊದಲಾದ ತಂತ್ರಾಂಶಗಳಿವೆ. ಅವುಗಳಿಗೆ ಒಪ್ಪಿಸುವ ಮೊದಲು ದಾಖಲೆಯನ್ನು ಹಸನು ಮಾಡಬೇಕು.

ಮೊದಲನೆಯದು ದಾಖಲೆಯ ತಲೆಬರಹ. ವೀಕ್ಷಣೆ ಆರಂಭವಾದ ಕ್ಷಣ, ಮಾದರಿಗಳ ನಡುವಣ ಕಾಲ, ಆವೃತ್ತಿಯ ಪಟ್ಟಿಗಳ ಸಂಖ್ಯೆ ಮತ್ತು ಕ್ರಮ ಇವೆಲ್ಲವನ್ನೂ ಅಲ್ಲಿ ನಮೂದಿಸಬೇಕು. ಪಟ್ಟಿಗಳ ಕ್ರಮವನ್ನು ತಲೆಕೆಳಗಾಗಿ ಬರೆದರೆ, ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಎರಡನೆಯದು ಗದ್ದಲದ ನಿವಾರಣೆ. ವಿದ್ಯುತ್ ಉಪಕರಣಗಳೂ ಪ್ರಸಾರ ಕೇಂದ್ರಗಳೂ ಉಂಟುಮಾಡುವ ಅಲೆಗಳು ದಾಖಲೆಯಲ್ಲಿ ಸೇರಿಕೊಂಡಿರುತ್ತವೆ. ಆದರೆ ಕೆಟ್ಟ ಭಾಗವನ್ನು ಕತ್ತರಿಸಿ ಎಸೆಯಲಾಗದು. ಹಾಗೆ ಮಾಡಿದರೆ ಉಳಿದ ಭಾಗಗಳ ಕಾಲದ ಲೆಕ್ಕ ತಪ್ಪಿಹೋಗುತ್ತದೆ. ಕೆಟ್ಟ ಭಾಗವನ್ನು ಗುರುತಿಸಿ, ಅದಿರುವಲ್ಲಿಯೇ ಮುಸುಕು ಹಾಕಬೇಕು. ಮೂಲ ದಾಖಲೆಯನ್ನು ಮಾತ್ರ ಮುಟ್ಟದೆ ಕಾಪಾಡಬೇಕು.

ಮೂರನೆಯದು ತಡವನ್ನು ಸರಿಪಡಿಸುವುದು. ನಕ್ಷತ್ರಗಳ ನಡುವಣ ಅವಕಾಶದಲ್ಲಿ ಚದುರಿರುವ ಎಲೆಕ್ಟ್ರಾನುಗಳ ಮೂಲಕ ಹಾದು ಬರುವಾಗ, ಕಡಿಮೆ ಆವೃತ್ತಿಯ ಅಲೆಗಳು ಹೆಚ್ಚು ಹಿಂದೆ ಬೀಳುತ್ತವೆ. ನಮ್ಮ ಪಲ್ಸಾರಿನ ಮಿಡಿತವು ೪೧೮ ಮೆಗಾಹರ್ಟ್ಸಿನಲ್ಲಿ ತಲಪಿದ ಸುಮಾರು ೩೦ ಮಿಲಿಸೆಕೆಂಡುಗಳ ನಂತರ ೪೦೮ ಮೆಗಾಹರ್ಟ್ಸಿನಲ್ಲಿ ತಲಪುತ್ತದೆ. ಆವೃತ್ತಿ ತಗ್ಗಿದಷ್ಟೂ ಈ ತೊಡಕು ಹೆಚ್ಚು. ಕರ್ನಾಟಕದ ಗೌರಿಬಿದನೂರಿನ ಬಳಿ ೩೪.೫ ಮೆಗಾಹರ್ಟ್ಸಿನಲ್ಲಿ ಪಲ್ಸಾರುಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ಇದನ್ನು ಬಹುವಾಗಿ ಎದುರಿಸಬೇಕಾಯಿತು. ಪ್ರತಿಯೊಂದು ಪಟ್ಟಿಯನ್ನೂ ತಕ್ಕಷ್ಟು ಸರಿಸಿದಾಗಲೇ ಮಿಡಿತಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕೊನೆಯದು ಮಡಿಕೆ ಹಾಕುವುದು. ಒಂದು ಗಂಟೆಯ ದಾಖಲೆಯನ್ನು ಪಲ್ಸಾರಿನ ಅವಧಿಗೆ ಸರಿಯಾಗಿ ತುಂಡುಮಾಡಿ ಒಂದರ ಮೇಲೊಂದು ಪೇರಿಸಿದರೆ ೫,೦೦೦ಕ್ಕೂ ಮಿಕ್ಕಿದ ಮಿಡಿತಗಳು ಒಂದೆಡೆ ಸೇರುತ್ತವೆ. ಮಿಡಿತವು ಪ್ರತಿಸಲವೂ ಒಂದೇ ಸ್ಥಾನದಲ್ಲಿ ಬಂದು ಬೆಳೆಯುತ್ತದೆ. ಗದ್ದಲಕ್ಕೆ ಇಂಥ ಸ್ಥಾನವೆಂಬುದಿಲ್ಲ. ಅದು ಅಷ್ಟು ಬೇಗ ಬೆಳೆಯಲಾರದು. ಒಂದೊಂದೇ ಮಿಡಿತದಲ್ಲಿದ್ದುದಕ್ಕಿಂತ ಸುಮಾರು ೭೦ ಪಟ್ಟು ಸ್ಪಷ್ಟತೆ ಹೀಗೆ ದೊರೆಯುತ್ತದೆ. ಭೂಮಿಯು ಸೂರ್ಯನನ್ನು ಸುತ್ತುವುದರಿಂದ ಅವಧಿಯು ಹತ್ತು ಸಾವಿರದಲ್ಲಿ ಒಂದು ಪಾಲಿನವರೆಗೆ ಹೆಚ್ಚುಕಡಿಮೆಯಾಗಿ ತೋರುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ತೆರೆಯ ಮೇಲೆ ಒಂದು ಶಿಖರ ಮೂಡುತ್ತದೆ. ಹವ್ಯಾಸಿಯ ನಿಜವಾದ ಪರೀಕ್ಷೆ ನಡೆಯುವುದು ಆಗಲೇ. ಪಲ್ಸಾರಿನ ಅವಧಿ ಆತನಿಗೆ ಮೊದಲೇ ಗೊತ್ತು. ತನಗೆ ಬೇಕಾದ ಶಿಖರ ಮೂಡುವವರೆಗೂ ಬೇಡವಾದ ಭಾಗಗಳಿಗೆ ಮುಸುಕು ಹಾಕುತ್ತ ಹೋದರೆ, ಬರಿಯ ಗದ್ದಲದಲ್ಲಿಯೂ ಪಲ್ಸಾರ್ ಕಂಡೀತು! ಜೊಳ್ಳಿನೊಡನೆ ಕಾಳನ್ನೂ ತೂರಿಬಿಡುವುದು ಒಂದು ನಷ್ಟ. ಜೊಳ್ಳನ್ನೇ ಕಾಳೆಂದು ಅಳೆದು ತುಂಬುವುದು ಅದಕ್ಕಿಂತ ದೊಡ್ಡ ನಷ್ಟ. ಆದುದರಿಂದ ಬಲ್ಲವರು ತಮ್ಮ ಫಲಿತಾಂಶವನ್ನು ತಾವೇ ಪ್ರಶ್ನಿಸುತ್ತಾರೆ. ಬೇರೆ ಅವಧಿಯಲ್ಲಿ ಮಡಿಕೆ ಹಾಕಿದರೆ ಶಿಖರ ಮರೆಯಾಗುವುದೇ? ತಡವನ್ನು ಸರಿಪಡಿಸದೆ ಬಿಟ್ಟಾಗಲೇ ಅದು ಹೆಚ್ಚು ಚೂಪಾಗಿದ್ದರೆ, ಅದು ನೆಲದ ಗದ್ದಲವಲ್ಲವೇ? ಆಂಟೆನಾವನ್ನು ಬೇರೆಡೆಗೆ ತಿರುಗಿಸಿದಾಗಲೂ ಅದು ಉಳಿಯುವುದೇ? ಈ ಪ್ರಶ್ನೆಗಳನ್ನು ಎದುರಿಸಿ ನಿಂತುದನ್ನೇ ಅವರು ಪಲ್ಸಾರ್ ಎಂದು ಕರೆಯುತ್ತಾರೆ.

೧೯೭೪ರ ನೊಬೆಲ್ ಪಾರಿತೋಷಕವು ಪಲ್ಸಾರುಗಳ ಶೋಧಕ್ಕಾಗಿ ಬೆಲ್ ಅವರ ಮಾರ್ಗದರ್ಶಕರಾದ ಆಂಟನಿ ಹ್ಯೂಯಿಷ್ ಅವರಿಗೆ ಸಂದಿತು; ಬೆಲ್ ಅವರ ಹೆಸರು ಅದರಲ್ಲಿರಲಿಲ್ಲ. ೨೦೧೮ರಲ್ಲಿ ಅವರಿಗೆ ೩೦ ಲಕ್ಷ ಡಾಲರುಗಳ ಬೇರೊಂದು ಬಹುಮಾನ ಬಂದಾಗ, ಅವಕಾಶವಂಚಿತರಾದ ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳ ನೆರವಿಗೆಂದು ಆ ಹಣವನ್ನು ಅವರು ಕೊಟ್ಟುಬಿಟ್ಟರು. ಉಪಕರಣಗಳು ಬದಲಾಗಿವೆ, ಕಾಗದದ ಸುರುಳಿಗಳು ಹೋಗಿ ಗಣಕಯಂತ್ರಗಳು ಬಂದಿವೆ. ಆದರೂ ಕಂಡದ್ದನ್ನು ಕಡೆಗಣಿಸದ, ಕಾಣದ್ದನ್ನು ಕಂಡೆನೆನ್ನದ ಪ್ರಾಮಾಣಿಕತೆಯನ್ನು ಯಾವ ಯಂತ್ರವೂ ನಮಗೆ ಒದಗಿಸಿಕೊಡಲಾರದು. ಅದನ್ನು ನಾವೇ ರೂಢಿಸಿಕೊಳ್ಳಬೇಕು.